ಎಡಗಾಲಿನ ಅಳತಿ

ಚಪ್ಪಲ್ ಬಜಾರಿನ ಗಲ್ಲಿಯೊಳಗ, ಬಳಿ ಅಂಗಡಿ ಮಗ್ಗಲಿಗಿ
ಲಾಡ್ಲೇಸಾಬರ ದುಕಾನು. ನಾನಲ್ಲಿ
ಕಾಜಾ ಹೊಲಿಯಾಂವ, ಗುಂಡಿ ಹಚ್ಚಾಂವ,
ಹನ್ನೊಂದು ವರ್ಷ ಆತು.

ಮೇ ತಿಂಗಳ ಬಿಸಲಿಗಿ ಹೊರಗಿನ ಶಹಾಬಾದಿ ಫರಸಿ
ರೊಟ್ಟಿ ಹಂಚಿನಂಗ ಕಾಯ್ದಿರ್ತದ.
ನಾವು ಕುಣಕೋತ ದಾಟ್ತಿದ್ದಿವಿ.
ಅವರು ಬರಿಗಾಲಲೆ ನಿಂತು
ಚಾದಂಗಡಿ ಹುಡುಗನ ಕೂಡ ಲೆಕ್ಕ ಮಾಡ್ತಿದ್ರು, ಸಾವಕಾಶ.
"ಸುಡಂಗಿಲ್ಲೇನ್ರಿ ಉಸ್ತಾದ?"
"ಏನು?"
ಏನು, ಅಂತ ಕೇಳಿದ್ರು. ಇನ್ನೂ ನೆನಪದ.
ಇವರಜ್ಜ ಫಕೀರ ಇದ್ದಿರಬೇಕು, ಅಂದ ಬಳಿ ಅಂಗಡಿ ವಿಠೋಬಾ.
ನಾವೂ ಕರಾಮತ್ತು ಅಂತೇ ತಿಳಕೊಂಡಿವಿ.

ಸಕ್ಕರಿ ಬ್ಯಾನಿ ಇತ್ತು, ಗಲ್ಲಿಗೆಲ್ಲ ಗೊತ್ತಿತ್ತು.
ಖುರ್ಷೀದಾಬಿ ಹಾಗಲಕಾಯಿ ರಸ ಸೀಸೆದಾಗ ಹಾಕಿ ಕಳಸ್ತಿದ್ಳು.
ಕಣ್ಣು ಮುಚ್ಚಿ ಕುಡಿಯೋರು,
ಬಾಯಿ ಕಹಿ ಹೋಗಲಂತ ಮ್ಯಾಲೊಂದು ಜಿಲೇಬಿ.

ಆ ಸಲ ಶಾದಿ ಸೀಜನ್ನಿನಾಗ ಮಷಿನ್ ಸೂಜಿ ಮುರೀತು.
ಹದಿನಾರು ನಂಬರು.
ಅರ್ಧ ಸಿಕ್ತು. ಇನ್ನರ್ಧಕ್ಕ ಕಸಬರಿಗಿ ಹೊಡದೆ,
ಚುಂಬಕ ಆಡಿಸಿದೆ, ಇಲ್ಲಂದ್ರ ಇಲ್ಲ.
"ಬಿಡೋ, ಎಂಟು ಶೇರವಾನಿ ಬಾಕಿ ಅವ" ಅಂದು
ಹೊಸದು ಸಿಗಿಸಿ ಪೆಡಲ್ ತುಳದ್ರು.
ಹದಿನೇಳು ದಿನ ತುಳದ್ರು.

ಕೆಳಗಿನ ಚಿಂದಿ ಮ್ಯಾಲ ಕಲಿ ಕಂಡು, ಯಾರೋ ಪಾನ್ ಉಗುಳ್ಯಾರ ಅಂದೆ.
ವಾಸನಿ ಬಂತು. ಇಲಿ ಸತ್ತಿರಬೇಕಂತ
ಕಪಾಟ ಜರಗಿಸಿ, ಥಾನು ಇಳಿಸಿ ನೋಡಿದೆ.
ಅವರೂ ಮೂಗಿಗಿ ಅರಿವಿ ಹಿಡಕೊಂಡು
ಹುಡುಕಿದ್ರು ನನ್ನ ಕೂಡ,
ಇಲೀನ.

ದವಾಖಾನ್ಯಾಗ ಎಕ್ಸ್‌ರೇ ಹಾಳಿ ಬೆಳಕಿಗಿ ಹಿಡದಾಗ
ನಾನೇ ಮೊದಲ ಕಂಡೆ:
ಎರಡು ಎಲುಬಿನ ನಡುವ, ಬೆಳ್ಳಗ, ಓರಿಯಾಗಿ.
"ಸಿಕ್ತಲ್ಲೋ ಅಂಬಾರಾಯ" ಅಂದ್ರು ಉಸ್ತಾದ.
ಡಾಕ್ಟರ್ ಬಾಯಿ ನಗಲಿಲ್ಲ.

ಹೆಬ್ಬೆರಳು ಹೋಯ್ತು. ಆಮ್ಯಾಲ ಅದರ ಮಗ್ಗಲಿಂದು.
ಕಚ್ಚಾ ಬಣ್ಣದ ಅಸ್ತರು ಬಿಳಿ ಅರಿವಿಗಿ ಹತ್ತಿದಂಗ
ಕಪ್ಪು ಏರಕೋತ ಬಂತು.
"ಎಲ್ಲೀತನ ಕತ್ತರಿಸಬೇಕು ಹೇಳ್ರಿ"
ಗಿರಾಕಿಗಿ ಕೇಳಿದಂಗ ಕೇಳಿದ್ರು.
ಆಕಿ ಮೊಣಕಾಲ ಕೆಳಗ ಪೆನ್ನಿಲೆ ಗೆರಿ ಎಳದ್ಳು.
"ಹೊಲಿಗಿಗಿ ಒಂದಿಷ್ಟು ಬಿಡ್ರಿ ಬಾಯಿ,
ಗೆರಿಗೇ ಕತ್ತರಿಸಿದ್ರ ಜಗ್ತದ."
ಆಕಿ ಪೆನ್ನು ಮುಚ್ಚಿದ್ಳು. "ಬಿಡ್ತೀವ್ರಿ" ಅಂದ್ಳು.

ಗಂಡುಮಕ್ಕಳಿಲ್ಲ ಅವರಿಗಿ. ನನ್ನ ಕೈಯಾಗೇ ಕೊಟ್ರು,
ಹಸರು ಅರಿವ್ಯಾಗ ಸುತ್ತಿ.
ಇಷ್ಟು ವಜನ ಇರ್ತದಂತ ಗೊತ್ತಿರಲಿಲ್ಲ.
ಆಟೋದಾಗ ತೊಡಿ ಮ್ಯಾಲ ಇಟ್ಟಕೊಂಡು ಕೂತೆ.
"ಏನಪಾ ಅದು?" ಅಂದ ಡ್ರೈವರ್.
"ಹೊಲಿಲಾಕ ಕೊಟ್ಟಾರ."

ಖಬರಸ್ತಾನದಾಗ ಅಗೆಯಾಂವ ಕೇಳಿದ, ಎಷ್ಟು ಉದ್ದ?
ಕೊರಳಾಗ ಟೇಪು ಹಂಗೇ ಇತ್ತು, ತೆಗಿಯೋದು ಮರ್ತಿದ್ದೆ.
ಅಳದೆ. ಹನ್ನೊಂದೂವರಿ.
ಅವರದೇ ಥಾನಿನ ಬಿಳಿ ಅರಿವಿ, ರಾತ್ರಿ ಕೂತು
ಅಂಚು ಮಡಚಿ, ಸಣ್ಣ ಟಾಕಿ ಹಾಕಿ ತಂದಿದ್ದೆ.
"ಕಫನಿಗಿ ಹೊಲಿಗಿ ಇರಬಾರದೋ ತಮ್ಮಾ" ಅಂದ.
ಕುಣಿ ದಂಡಿಗಿ ಕುಂತು
ಒಂದೊಂದೇ ದಾರ ಬಿಚ್ಚಿದೆ.

ಮೂರು ತಿಂಗಳಿಗಿ ದುಕಾನಿಗಿ ಬಂದ್ರು.
ಮೊದಲ ಕೆಲಸ, ತಮ್ಮ ಪೈಜಾಮಾ.
ವಹಿ ತೆಗದೆ.
ಬಲ, ಮೂವತ್ತೆಂಟು.
ಎಡ.
ಟೇಪಿನ ತುದಿ ಗಾಳ್ಯಾಗ ಜೋತಾಡ್ತಿತ್ತು.
"ಅದಕ್ಕೂ ಮೂವತ್ತೆಂಟೇ ಬರಿ. ಮಡಚಿ ಪಿನ್ನು ಹಾಕ್ಕೋತೀನಿ.
ಅರಿವಿ ಕತ್ತರಿಸಬ್ಯಾಡ."

ಈಗ ಮಷಿನ್ ನಾನು ತುಳಿತೀನಿ, ಕಾಜಾ ಅವರು.
ಚಂಜಿಗಿ ಷಟರ್ ಎಳಿಯೋಕಿಂತ ಮೊದಲ
ಟ್ರಯಲ್ ಕನ್ನಡಿ ನೆಲಕ್ಕ ಇಟ್ಟು
ಬಲಗಾಲಿನ ಅಂಗಾಲು ನೋಡ್ತೀವಿ ಇಬ್ಬರೂ,
ರೇಷ್ಮಿಯಾಗ ಡಾಗು ಹುಡುಕಿದಂಗ.

ನಿನ್ನಿ ಮಧ್ಯಾಹ್ನ ಸೂಜಿಗಿ ದಾರ ಪೋಣಸ್ತಾ ತಡದ್ರು.
"ಫರಸಿ ಭಾಳ ಕಾಯ್ದದೇನೋ ಇವತ್ತ?"
"ಯಾಕ್ರಿ ಉಸ್ತಾದ?"
ಪಿನ್ನು ಹಾಕಿದ ಮಡಿಕಿ ಕೆಳಗ,
ಖಾಲಿ ಜಾಗಾದಾಗ ಕೈ ಆಡಿಸಿದ್ರು.
"ಎಡಗಾಲು ಸುಡಲಾಕತ್ತದ."